ಐನ್‌ಸ್ಟೈನರ ಪ್ರಬಂಧಕ್ಕೂ ಬೇಕಾಯಿತು ಪರಿಶೀಲನೆ

ವಿಜ್ಞಾನಿಯೊಬ್ಬರು ಸಂಶೋಧನ ಪ್ರಬಂಧ ಬರೆದು ಪತ್ರಿಕೆಗೆ ಕಳುಹಿಸಿದೊಡನೆ ಅದು ಅಚ್ಚಾಗುವುದಿಲ್ಲ. ಸಂಪಾದಕರು ಅದನ್ನು ಅದೇ ಕ್ಷೇತ್ರದ ಒಬ್ಬಿಬ್ಬರು ತಜ್ಞರಿಗೆ ಕಳುಹಿಸುತ್ತಾರೆ. ತರ್ಕ ಸರಿಯಿದೆಯೇ, ಲೆಕ್ಕದಲ್ಲಿ ದೋಷವಿದೆಯೇ, ತೀರ್ಮಾನಕ್ಕೆ ಸಾಕಷ್ಟು ಆಧಾರವಿದೆಯೇ ಎಂದು ಅವರು ಪರೀಕ್ಷಿಸಿ ವರದಿ ಬರೆಯುತ್ತಾರೆ. ಪರಿಶೀಲಕರು ಯಾರೆಂಬುದನ್ನು ಸಾಮಾನ್ಯವಾಗಿ ಲೇಖಕರಿಗೆ ತಿಳಿಸುವುದಿಲ್ಲ. ಇದೇ ಸಮಾನಸ್ಕಂಧರ ಪರಿಶೀಲನೆ ಅಥವಾ ಪೀರ್ ರಿವ್ಯೂ. ಇದರ ಮಹತ್ವವನ್ನು ತಿಳಿಯಲು ಭೌತವಿಜ್ಞಾನದ ಇತಿಹಾಸದಲ್ಲೇ ಒಂದು ಸೊಗಸಾದ ನಿದರ್ಶನವಿದೆ.

ಗುರುತ್ವ ತರಂಗಗಳಿರಬೇಕೆಂದು ಐನ್‌ಸ್ಟೈನ್ 1916ರಲ್ಲಿ ಹೇಳಿದ್ದರು. ಆದರೆ 1936ರಲ್ಲಿ ನೇಥನ್ ರೋಸೆನ್ ಜೊತೆಗೂಡಿ ಬರೆದ ಪ್ರಬಂಧದಲ್ಲಿ ಅಂಥ ತರಂಗಗಳು ಇರಲಾರವು ಎಂಬ ತೀರ್ಮಾನಕ್ಕೆ ಬಂದರು. ಅವರು ಪಡೆದ ಪರಿಹಾರದಲ್ಲಿ ಕೆಲವೆಡೆ ಬೆಲೆಗಳು ಅನಂತವಾಗುತ್ತಿದ್ದುದೇ ಇದಕ್ಕೆ ಕಾರಣ.

ಪ್ರಬಂಧ ಅಮೆರಿಕದ 'ಫಿಸಿಕಲ್ ರಿವ್ಯೂ' ಪತ್ರಿಕೆಗೆ ಹೋಯಿತು. ಸಂಪಾದಕ ಜಾನ್ ಟೇಟ್ ಅದನ್ನು ತಜ್ಞರೊಬ್ಬರಿಗೆ ಕಳುಹಿಸಿದರು. ಬಂದದ್ದು ಹತ್ತು ಪುಟಗಳ ವರದಿ! ತೊಂದರೆ ಇರುವುದು ತರಂಗದಲ್ಲಿ ಅಲ್ಲ, ಆಯ್ದುಕೊಂಡ ನಿರ್ದೇಶಾಂಕಗಳಲ್ಲಿ ಎಂಬುದು ಅದರ ಸಾರ. ಭೂಗೋಳದ ಧ್ರುವದಲ್ಲಿ ಎಲ್ಲ ರೇಖಾಂಶಗಳೂ ಕೂಡುವುದರಿಂದ ಆ ಬಿಂದುವಿಗೆ ಇಂಥದೇ ರೇಖಾಂಶವೆಂದು ಹೇಳಲಾಗದು. ಹಾಗೆಂದು ಅಲ್ಲಿ ಭೂಮಿಯೇ ಇಲ್ಲ ಎನ್ನಲಾದೀತೇ? ಸಿಲಿಂಡರಿಗೆ ಹೊಂದುವ ನಿರ್ದೇಶಾಂಕಗಳನ್ನು ಬಳಸಿದರೆ ಈ ತೊಡಕು ನೀಗುತ್ತದೆಂದು ಪರಿಶೀಲಕರು ತೋರಿಸಿದ್ದರು.

ಐನ್‌ಸ್ಟೈನ್ ಸಿಟ್ಟಾದರು. ಅಚ್ಚಾಗುವ ಮೊದಲೇ ಪ್ರಬಂಧವನ್ನು ಬೇರೆಯವರಿಗೆ ತೋರಿಸಲು ತಾವು ಒಪ್ಪಿಗೆ ಕೊಟ್ಟಿರಲಿಲ್ಲವೆಂದು ಬರೆದು ಅದನ್ನು ಹಿಂಪಡೆದರು. ಯುರೋಪಿನ ಪತ್ರಿಕೆಗಳಲ್ಲಿ ಅವರು ಕಂಡಿದ್ದ ರೂಢಿ ಬೇರೆ. ಪ್ರಬಂಧವನ್ನು ಫಿಲಡೆಲ್ಫಿಯದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟಿನ ಪತ್ರಿಕೆಗೆ ಕಳುಹಿಸಿದರು.

ಅಷ್ಟರಲ್ಲಿ ಅವರ ಹೊಸ ಸಹಾಯಕ ಇನ್‌ಫೆಲ್ಡ್, ಪ್ರಿನ್ಸ್‌ಟನ್ನಿನ ಎಚ್. ಪಿ. ರಾಬರ್ಟ್‌ಸನ್ ಜೊತೆ ಈ ವಿಷಯ ಚರ್ಚಿಸಿದರು. ರಾಬರ್ಟ್‌ಸನ್ ತಪ್ಪನ್ನು ತೋರಿಸಿಕೊಟ್ಟರು. ಇನ್‌ಫೆಲ್ಡ್ ಹೋಗಿ ಹೇಳಿದಾಗ, ತಮಗೂ ತಪ್ಪು ಕಂಡಿದೆ ಎಂದರು ಐನ್‌ಸ್ಟೈನ್. ಪ್ರಬಂಧವನ್ನು ಕರಡಚ್ಚಿನ ಹಂತದಲ್ಲೇ ತಿದ್ದಿದರು. ಶೀರ್ಷಿಕೆ ಬದಲಾಯಿತು, ತೀರ್ಮಾನವೂ ಬದಲಾಯಿತು. 1937ರಲ್ಲಿ ಅಚ್ಚಾದ ಪ್ರಬಂಧದಲ್ಲಿದ್ದುದು ಸಿಲಿಂಡರಾಕಾರದ ಗುರುತ್ವ ತರಂಗಗಳ ಪರಿಹಾರ. ಆ ಅನಾಮಿಕ ಪರಿಶೀಲಕರು ರಾಬರ್ಟ್‌ಸನ್ನರೇ ಎಂಬುದು ಲೋಕಕ್ಕೆ ತಿಳಿದದ್ದು 2005ರಲ್ಲಿ, ಪತ್ರಿಕೆಯ ಹಳೆಯ ದಾಖಲೆಗಳಿಂದ. 2015ರ ಸೆಪ್ಟೆಂಬರ್ 14ರಂದು ಲೈಗೊ ಉಪಕರಣಗಳು ಗುರುತ್ವ ತರಂಗಗಳನ್ನು ನೇರವಾಗಿ ಪತ್ತೆಮಾಡಿದವು. ಮೊದಲ ಕರಡು ಹಾಗೆಯೇ ಅಚ್ಚಾಗಿದ್ದರೆ, ಇಲ್ಲವೆಂದು ಸಾರಿದ ಹೊಣೆ ಐನ್‌ಸ್ಟೈನರ ಹೆಸರಿಗೆ ಅಂಟಿಕೊಳ್ಳುತ್ತಿತ್ತು.

ಪರಿಶೀಲನೆಯಾದದ್ದೆಲ್ಲ ಸತ್ಯವೆಂದು ಭಾವಿಸಬಾರದು. ಪರಿಶೀಲಕರು ಸಾಮಾನ್ಯವಾಗಿ ಪ್ರಯೋಗವನ್ನು ತಾವೇ ಮಾಡಿ ನೋಡುವುದಿಲ್ಲ. ಬೆಲ್ ಪ್ರಯೋಗಾಲಯದ ಷೋನ್ ಎಂಬುವರ ಪ್ರಬಂಧಗಳು 'ನೇಚರ್', 'ಸೈನ್ಸ್' ಪತ್ರಿಕೆಗಳ ಪರಿಶೀಲನೆಯನ್ನೂ ದಾಟಿದ್ದವು. ಬೇರೆ ಬೇರೆ ಪ್ರಯೋಗಗಳ ಹೆಸರಿನಲ್ಲಿ ಒಂದೇ ನಕ್ಷೆ ಮರುಕಳಿಸಿದ್ದನ್ನು ಗುರುತಿಸಿದವರು ಓದುಗ ವಿಜ್ಞಾನಿಗಳು. 2002ರ ತನಿಖೆಯಲ್ಲಿ ವಂಚನೆ ಬಯಲಾಯಿತು. ಅಂದರೆ ಪ್ರಕಟಣೆಯ ನಂತರವೂ ಓದುಗರ ಪರಿಶೀಲನೆ ಮುಂದುವರಿಯುತ್ತದೆ.

ಶಿಕ್ಷಕರು ಇದನ್ನು ತರಗತಿಯಲ್ಲಿ ಮಾಡಿ ನೋಡಬಹುದು. ಒಂದು ತಂಡದ ಪ್ರಾಜೆಕ್ಟ್ ವರದಿಯನ್ನು ಹೆಸರು ತೆಗೆದು ಇನ್ನೊಂದು ತಂಡಕ್ಕೆ ಕೊಡಿ. ಅಳತೆಗಳನ್ನು ಹೇಗೆ ಪಡೆದಿದ್ದಾರೆ? ತೀರ್ಮಾನ ಅಳತೆಗಳಿಂದಲೇ ಹೊರಡುತ್ತದೆಯೇ? ಬೇರೆ ವಿವರಣೆ ಸಾಧ್ಯವೇ? ಈ ಮೂರು ಪ್ರಶ್ನೆಗಳಿಗೆ ಅವರು ಬರೆದು ಉತ್ತರಿಸಲಿ. ಮೊದಲ ತಂಡ ಪ್ರತಿಯೊಂದು ಆಕ್ಷೇಪಕ್ಕೂ ಸಮಾಧಾನ ಹೇಳಲಿ, ಇಲ್ಲವೇ ವರದಿಯನ್ನು ತಿದ್ದಲಿ. ಅಂಕ ಕೊಡುವುದು ಆಮೇಲೆ. ಆಕ್ಷೇಪ ಬರಹದ ಮೇಲೆ, ಬರೆದವರ ಮೇಲಲ್ಲ ಎಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಕಲಿತರೆ, ವಿಜ್ಞಾನದ ಒಂದು ಮುಖ್ಯ ವಿಧಾನವನ್ನೇ ಕಲಿತಂತೆ.