ಕಾಫಿಪುಡಿಯ ಚಿಕೋರಿಯೂ ಮುದಿ ನಾಯಿಯ ಲಿವರ್ರೂ

ಕುಶಾಲನಗರದಲ್ಲೋ ವಿರಾಜಪೇಟೆಯಲ್ಲೋ ಕಾಫಿಪುಡಿ ಕೊಳ್ಳಲು ನಿಂತರೆ ಅಂಗಡಿಯವರು ಕೇಳುವ ಮೊದಲ ಮಾತು: ಚಿಕೋರಿ ಎಷ್ಟು ಹಾಕಲಿ? ಈಗ ಅದೇ ಪೇಟೆಯ ಔಷಧಿ ಅಂಗಡಿಗೆ ಬನ್ನಿ. ಮುದಿ ನಾಯಿಯ ಲಿವರ್‌ಗೆಂದು ಡಾಕ್ಟರು ಬರೆದುಕೊಡುವ ಲಿವ್ 52 ಬಾಟಲಿಯನ್ನು ಕೈಗೆತ್ತಿಕೊಳ್ಳಿ. 1955ರಲ್ಲಿ ಹೊರಬಂದ, ಈಗ ಬೆಂಗಳೂರಿನಲ್ಲಿ ನೆಲೆಯೂರಿರುವ ಹಿಮಾಲಯ ಕಂಪನಿಯ ಮದ್ದು. ಅದರೊಳಗಿನ ಮುಖ್ಯ ಮೂಲಿಕೆಗಳಲ್ಲಿ ಒಂದು ಯಾವುದು ಗೊತ್ತೇ? ಇದೇ ಚಿಕೋರಿ! ಬೇರನ್ನು ಹುರಿದರೆ ನಮ್ಮ ಲೋಟಕ್ಕೆ, ಬೀಜ ನಾಯಿಯ ಮದ್ದಿಗೆ. (ಹಾಗೆಂದು ಕಾಫಿ ಕುಡಿಸೀರಿ, ಜೋಕೆ! ಕೆಫೀನ್ ನಾಯಿಗೆ ವಿಷ. ಈ ಸಿರಪ್ಪೊಂದೇ ಕಾಯಿಲೆಯನ್ನು ವಾಸಿಮಾಡುತ್ತದೆ ಎಂದೂ ನಂಬಬೇಡಿ.)

ಆದರೆ ನಿಜವಾದ ಬೆರಗು ಬಾಟಲಿಯಲ್ಲಿಲ್ಲ, ನಾಯಿಯ ಹೊಟ್ಟೆಯೊಳಗಿದೆ. 5 ಕಿಲೋ ತೂಗುವ ಪೊಮೆರೇನಿಯನ್‌ನ ಲಿವರ್ ಹೆಚ್ಚುಕಡಿಮೆ 150 ಗ್ರಾಂ. ಅಷ್ಟರಲ್ಲೇ ಅದು ಸಕ್ಕರೆ ಕೂಡಿಡುತ್ತದೆ, ಪಿತ್ತ ಸುರಿಸುತ್ತದೆ, ಗಾಯದ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನು ತಯಾರಿಸುತ್ತದೆ, ಕರುಳಿನಿಂದ ಬರುವ ಅಮೋನಿಯಾವನ್ನು ಯೂರಿಯಾ ಮಾಡಿ ಮೂತ್ರಕ್ಕೆ ಕಳಿಸುತ್ತದೆ. ಆರೋಗ್ಯವಂತ ಲಿವರ್‌ನ ಶೇಕಡಾ 70ರಷ್ಟನ್ನು ಶಸ್ತ್ರಚಿಕಿತ್ಸಕರು ಕತ್ತರಿಸಿ ತೆಗೆದರೂ ಉಳಿದ ಭಾಗ ವಾರಗಳಲ್ಲಿ ಹಿಗ್ಗಿ ಕೆಲಸವನ್ನೆಲ್ಲ ವಹಿಸಿಕೊಳ್ಳುತ್ತದೆ! ಅಪಾಯ ಇರುವುದೂ ಇಲ್ಲೇ. ಇಷ್ಟು ಗಟ್ಟಿ ಅಂಗ ಕೊನೆಯ ತನಕ ದೂರು ಹೇಳುವುದಿಲ್ಲ. ಕಿವಿಯ ಒಳಮೈ, ಒಸಡು, ಕಣ್ಣಿನ ಬಿಳಿ ಹಳದಿಯಾಗುವ ಹೊತ್ತಿಗೆ ಒಳಗೆ ಬಹಳಷ್ಟು ನಡೆದುಹೋಗಿರುತ್ತದೆ.

ಇನ್ನೊಂದು ಸಂಗತಿ ಕೇಳಿ. ಮನುಷ್ಯರ ಲಿವರ್ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಎಷ್ಟೋ ಪಾಠ ನಾಯಿಯಿಂದಲೇ ಬಂದದ್ದು! 1855ರಲ್ಲಿ ಫ್ರಾನ್ಸಿನ ಕ್ಲೋಡ್ ಬೆರ್ನಾರ್ ನಾಯಿಯ ಲಿವರ್ ಒಂದನ್ನು ಸಕ್ಕರೆಯ ಸುಳಿವೇ ಉಳಿಯದಂತೆ ನೀರು ಹಾಯಿಸಿ ತೊಳೆದಿಟ್ಟರು. ಮರುದಿನ ನೋಡಿದರೆ ಮತ್ತೆ ಸಕ್ಕರೆ! ಲಿವರ್ ತಾನೇ ಸಕ್ಕರೆ ಕೊಡುತ್ತದೆ ಎಂಬುದು ಹಾಗೆ ಖಚಿತವಾಯಿತು. 1877ರಲ್ಲಿ ರಷ್ಯಾದ ನಿಕೊಲಾಯ್ ಎಕ್, ಕರುಳಿನ ರಕ್ತ ಲಿವರ್ ಮುಟ್ಟದೆ ನೇರ ಹೃದಯದತ್ತ ಹರಿಯುವಂತೆ ನಾಯಿಯ ರಕ್ತನಾಳಗಳನ್ನು ಹೊಲಿದರು. 1893ರಲ್ಲಿ, ಗಂಟೆಯ ಸದ್ದಿಗೆ ಜೊಲ್ಲು ಸುರಿಸುವ ನಾಯಿಗಳಿಂದ ನಮಗೆ ಪರಿಚಿತರಾದ ಅದೇ ಪಾವ್ಲೋವ್ ಮತ್ತು ಸಂಗಡಿಗರು ಕಂಡದ್ದೇನು? ಇಂಥ ನಾಯಿಗಳು ಮಾಂಸ ತಿಂದ ಮೇಲೆ ತೂರಾಡಿದವು, ಕಣ್ಣು ಕಾಣದಂತಾದವು, ಪ್ರಜ್ಞೆ ತಪ್ಪಿದವು. ಲಿವರ್ ಯೂರಿಯಾ ಮಾಡದೆ ಉಳಿದ ಅಮೋನಿಯಾ ತಲೆಗೇರಿತ್ತು.

ಈಗ ಕೊಡಗಿನ ಮನೆಯೊಂದನ್ನು ನೆನೆಯಿರಿ. ಹಬ್ಬದ ಪಂದಿಕರಿ ಮೆದ್ದ ಮುದಿ ನಾಯಿ ರಾತ್ರಿ ಗೋಡೆಗೆ ತಲೆಯೊತ್ತಿ ನಿಲ್ಲುತ್ತದೆ, ಸುಮ್ಮನೆ ಸುತ್ತು ಹೊಡೆಯುತ್ತದೆ. ವಯಸ್ಸಾಯಿತು, ಮರುಳು ಎಂದು ಮನೆಯವರು ಮಲಗುತ್ತಾರೆ. ಅದು ಮರುಳಲ್ಲದೆ, ಪಾವ್ಲೋವ್ ಕಂಡ ಅಮೋನಿಯಾದ ಅಮಲೇ ಆಗಿರಬಹುದು! ಅದಕ್ಕೆ ಡಾಕ್ಟರು ಕೊಡುವ ಮದ್ದು ನಮ್ಮ ಮಲಬದ್ಧತೆಗೆ ಕೊಡುವ ಲ್ಯಾಕ್ಟುಲೋಸ್ ಸಿರಪ್ಪು. ಅದು ಅಮೋನಿಯಾವನ್ನು ಕರುಳಿನಲ್ಲೇ ಹಿಡಿದು ಹೊರಗಟ್ಟುತ್ತದೆ. ಇಂಥ ನಾಯಿಗೆ ಮಾಂಸಕ್ಕಿಂತ ಮೊಟ್ಟೆ, ಪನೀರು, ಮೊಸರಿನ ಪ್ರೋಟೀನು ಒಗ್ಗುತ್ತದೆ. ದಿನಕ್ಕೆ ನಾಲ್ಕೈದು ಸಲ, ಸ್ವಲ್ಪಸ್ವಲ್ಪ. ಅಮೋನಿಯಾ ತಲೆಗೇರದ ನಾಯಿಗೆ ಪ್ರೋಟೀನು ಪೂರ್ತಿ ಕಡಿಮೆ ಮಾಡುವುದು ತಪ್ಪು. ದುರ್ಬಲ ಲಿವರ್ ದುರಸ್ತಿಯಾಗಬೇಕಾದರೆ ಸಾಮಗ್ರಿ ಬೇಡವೇ?

ಲಿವರ್‌ಗೆ ಲಿವರ್ರೇ ಮದ್ದು ಎಂದು ಕುರಿಯ ಲಿವರ್ ಬೇಯಿಸಿ ಹಾಕುವವರಿದ್ದಾರೆ. ಅದರಲ್ಲಿ ತಾಮ್ರ ತುಂಬಿರುತ್ತದೆ. ಬೆಡ್ಲಿಂಗ್ಟನ್ ಟೆರಿಯರ್‌ನಂಥ ಕೆಲವು ತಳಿಗಳ ದೇಹದಿಂದ ತಾಮ್ರ ಸರಿಯಾಗಿ ಹೊರಹೋಗುವುದಿಲ್ಲ, ಲಿವರ್‌ನಲ್ಲೇ ಕೂಡಿಕೊಂಡು ಸುಡುತ್ತದೆ. ಅಂದಹಾಗೆ, ಕರಿಮೆಣಸಿಗೂ ಕಾಫಿಗೂ ಬೋರ್ಡೋ ದ್ರಾವಣ ಹೊಡೆಯುವ ನಮ್ಮ ತೋಟಗಳ ಕೊಟ್ಟಿಗೆಯಲ್ಲಿ ಮೈಲುತುತ್ತ ಇದ್ದೇ ಇರುತ್ತದೆ. ಅದೂ ತಾಮ್ರವೇ, ಡಬ್ಬಿಗೆ ಮುಚ್ಚಳ ಭದ್ರವಾಗಿರಲಿ.

ರಕ್ತಪರೀಕ್ಷೆಯಲ್ಲೂ ಒಂದು ವಿಸ್ಮಯ ಅಡಗಿದೆ. ಎಎಲ್‌ಪಿ ಎಂಬ ಕಿಣ್ವದ ಅಂಕಿ ಏರಿದ್ದು ಕಂಡು ಲಿವರ್ ಹೋಯಿತೆಂದು ಅಳುವವರುಂಟು. ನಾಯಿಗೆ ಮಾತ್ರ ಸ್ಟೀರಾಯ್ಡಿನಿಂದ ಏರುವ ಬೇರೆಯದೇ ಎಎಲ್‌ಪಿ ಇದೆ! ತುರಿಕೆಗೆಂದು ಕೊಟ್ಟ ಮಾತ್ರೆಯೂ ಅದನ್ನು ಏರಿಸಬಹುದು. ಸ್ಕ್ಯಾನಿನಲ್ಲಿ ಕಾಣುವ ಗಂಟುಗಳಲ್ಲೂ ಎಷ್ಟೋ ಮುಪ್ಪಿನ ನಿರಪಾಯ ಗಂಟುಗಳು. ಒಂದು ಕಾಗದ ನೋಡಿ ತೀರ್ಪು ಬೇಡ.

ಇನ್ನು ನಮ್ಮ ಮಳೆ. ಕಕ್ಕಡ ಮಾಸದ ಮಳೆನೀರಿನಲ್ಲಿ ಇಲಿಯ ಮೂತ್ರ ಬೆರೆತರೆ ಇಲಿಜ್ವರ, ಅದು ಲಿವರ್, ಕಿಡ್ನಿ ಎರಡನ್ನೂ ಹಿಡಿಯುತ್ತದೆ, ಮನುಷ್ಯರಿಗೂ ಅಂಟುತ್ತದೆ. ತೋಟದ ಉಣ್ಣೆಯಿಂದ ಜ್ವರ, ಕಾಮಾಲೆ. ಥಂಡಿಗೆ ಬೂಸ್ಟು ಹಿಡಿದ ಕಡಲೆಕಾಯಿ, ಜೋಳದಲ್ಲಿ ಅಫ್ಲಟಾಕ್ಸಿನ್ ಎಂಬ ಲಿವರ್ ವಿಷ. ಇವೆಲ್ಲದರ ಮೇಲೆ ಜ್ವರಕ್ಕೆಂದು ಮನೆಯ ಪ್ಯಾರಸಿಟಮಾಲ್ ಕೊಟ್ಟರೆ ಮುಗಿಯಿತು. ಅದನ್ನು ಮಾತ್ರ ಕೊಡಲೇಬೇಡಿ. ಮರಿಗೆ ತಪ್ಪದೆ ಲಸಿಕೆ ಹಾಕಿಸುವ ನಾವು ಮುದಿಗೆ ರೇಬಿಸ್ ಒಂದು ಸಾಕೆಂದುಕೊಳ್ಳುತ್ತೇವೆ. ಇಲಿಜ್ವರದ ಲಸಿಕೆಯ ಬಲ ವರ್ಷದಷ್ಟೇ.

ಎಂಟು ವರ್ಷ ದಾಟಿದ ಪುಟ್ಟ ನಾಯಿ ನಿಮ್ಮಲ್ಲಿದ್ದರೆ, ಮಳೆ ಹಿಡಿಯುವ ಮೊದಲು, ಮೇ ತಿಂಗಳಲ್ಲೇ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ರಕ್ತ ಪರೀಕ್ಷಿಸಿ, ಲಸಿಕೆ ಹಾಕಿಸಿ, ವರದಿಯನ್ನು ಜೋಪಾನವಾಗಿಡಿ. ಮುಂದಿನ ವರ್ಷ ಡಾಕ್ಟರು ಹೋಲಿಸಿ ನೋಡಲು ಆ ಹಳೆಯ ಅಂಕಿಗಳೇ ಬೇಕು.