ಕಾಲು ತಾಗಿದರೆ ತಪ್ಪು!

ಫುಟ್‌ಬಾಲ್ ಆಡುವವನಿಗೆ ಕಾಲೇ ಸರ್ವಸ್ವ. ಹಾಕಿಯಲ್ಲಿ ಅದೇ ಕಾಲಿಗೆ ಚೆಂಡು ತಾಗಿದರೆ ಅಂಪೈರ್ ಸೀಟಿ ಊದುತ್ತಾನೆ. ಹದಿನೆಂಟರ ಹರೆಯದವರೆಗೆ ತನ್ನ ಜಿಲ್ಲೆಗೆ ಫುಟ್‌ಬಾಲ್ ಆಡಿದ ಹುಡುಗನೊಬ್ಬ ಹಾಕಿ ಸ್ಟಿಕ್ ಹಿಡಿದು, ಒಂಬತ್ತೇ ವರ್ಷಗಳಲ್ಲಿ ವಿಶ್ವಕಪ್ ಫೈನಲ್‌ಗೆ ಭಾರತ ತಂಡವನ್ನು ಕರೆದೊಯ್ದ ಎಂದರೆ ನಂಬುತ್ತೀರಾ? ಮೇಲಾಗಿ ಅವನೇ ಮುಂದೆ ಒಲಿಂಪಿಕ್ಸ್‌ನಲ್ಲಿ ಭಾರತ ತಂಡದ ಕೋಚ್ ಆದ ಎಂದರೆ? ನಂಬಲೇಬೇಕು ಮಾರಾಯ್ರೇ, ಆ ಹುಡುಗ ನಮ್ಮ ಕರ್ನಾಟಕದವನೇ. 1946ರಲ್ಲಿ ಕೊಡಗಿನಲ್ಲಿ ಹುಟ್ಟಿದ ಮೊಳ್ಳೇರ ಪೂವಯ್ಯ ಗಣೇಶ್. ಹಾಕಿ ಬಲ್ಲವರಿಗೆ ಎಂ.ಪಿ. ಗಣೇಶ್.

ನಮ್ಮ ಮಂಕಿ ಕಡೆಯ ಓದುಗರಿಗೆ ಈ ಹೆಸರು ಹೊಸದಿರಬಹುದು. ಹೊನ್ನಾವರದಿಂದ ಭಟ್ಕಳದವರೆಗೆ ನಮ್ಮದು ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲು, ಗದ್ದೆ ಕೊಯ್ಲು ಮುಗಿದ ಮೇಲೆ ಕ್ರಿಕೆಟ್ಟು. ಹಾಕಿ ಸ್ಟಿಕ್ ಹಿಡಿದ ಹುಡುಗ ನಮ್ಮಲ್ಲಿ ಕಾಣಸಿಗುವುದೇ ಅಪರೂಪ. ಕೊಡಗಿನ ಕತೆಯೇ ಬೇರೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಮೊದಲ ವರ್ಷ ಬಂದದ್ದು 60 ಕುಟುಂಬಗಳ ತಂಡ. 2025ರಲ್ಲಿ ಮಡಿಕೇರಿಯಲ್ಲಿ ಹೆಸರು ನೋಂದಾಯಿಸಿದ್ದು 396! ಮನೆಮನೆಯಲ್ಲೂ ಹಾಕಿ ಇರುವ ಅಂಥ ನೆಲದಲ್ಲಿ ಹುಟ್ಟಿಯೂ ಗಣೇಶ್ ಮೊದಲು ಆಡಿದ್ದು ಫುಟ್‌ಬಾಲ್. 1960ರಿಂದ 1964ರವರೆಗೆ ಅವರು ಕೊಡಗಿನ ಫುಟ್‌ಬಾಲ್ ತಂಡದಲ್ಲಿದ್ದರು. ಇನ್ನೆರಡೇ ವರ್ಷ, 1966ರ ಹೊತ್ತಿಗೆ ರಕ್ಷಣಾ ಪಡೆಗಳ ಸರ್ವೀಸಸ್ ತಂಡದಲ್ಲಿ ಹಾಕಿ ಆಡುತ್ತಿದ್ದರು!

ಈ ಬದಲಾವಣೆ ಎಷ್ಟು ದೊಡ್ಡದು ಎಂದು ಸ್ವಲ್ಪ ಯೋಚಿಸಿ ನೋಡಿ. ಫುಟ್‌ಬಾಲ್ ಆಟಗಾರ ತಲೆ ಎತ್ತಿ ಓಡುತ್ತಾನೆ, ಹಾಕಿಯವನು ಸೊಂಟ ಬಗ್ಗಿಸಿ ಓಡಬೇಕು. ಹಾಕಿ ಸ್ಟಿಕ್ಕಿನ ಎಡಮಗ್ಗುಲು ಮಾತ್ರ ಚಪ್ಪಟೆ, ಬಲಮಗ್ಗುಲು ಉಬ್ಬು. ಆ ಉಬ್ಬಿನ ಕಡೆಯಿಂದ ಚೆಂಡು ಮುಟ್ಟಿದರೂ ತಪ್ಪೇ. ಎಡಗೈ ಬಳಸುವವರಿಗೆಂದು ಬೇರೆ ಸ್ಟಿಕ್ ಇಲ್ಲ. ಚೆಂಡೋ, ಸುಮಾರು 160 ಗ್ರಾಂ ತೂಕದ ಗಟ್ಟಿ ಗುಂಡು. ಎದುರಿಗೆ ಚೆಂಡು ಬಂದಾಗ ತಾನಾಗಿಯೇ ಮುಂದೆ ಹೋಗುವ ಕಾಲನ್ನು ತಡೆದು ಹಿಡಿಯುವುದೇ ಗಣೇಶ್‌ಗೆ ಮೊದಲ ಪಾಠ ಆಗಿದ್ದಿರಬೇಕು! ಆದರೆ ಒಂದು ಸಂಗತಿ ಅವರ ಪರವಾಗಿತ್ತು. ಆ ಕಾಲದ ಹಾಕಿ ಮತ್ತು ಫುಟ್‌ಬಾಲಿನ ಒಳಲೆಕ್ಕ ಬಹುಮಟ್ಟಿಗೆ ಒಂದೇ. ಹನ್ನೊಂದು ಮಂದಿ, ಮುಂದೆ ಐವರು, ನಡುವೆ ಮೂವರು, ಹಿಂದೆ ಇಬ್ಬರು, ಗೋಲಿನಲ್ಲೊಬ್ಬ. ಆಗ ಹಾಕಿಯಲ್ಲೂ ಆಫ್‌ಸೈಡ್ ನಿಯಮ ಇತ್ತು. ಯಾರು ಯಾವಾಗ ಎಲ್ಲಿರಬೇಕು ಎಂಬ ತಿಳಿವಳಿಕೆಯನ್ನು ಅವರು ಫುಟ್‌ಬಾಲ್ ಮೈದಾನದಿಂದಲೇ ತಂದಿದ್ದರು ಎಂಬುದು ನನ್ನ ಗಟ್ಟಿ ನಂಬಿಕೆ.

ಆಮೇಲಿನದು ಬರೀ ಓಟ. 1971ರಲ್ಲಿ ಬಾರ್ಸಿಲೋನಾದಲ್ಲಿ ನಡೆದ ಮೊಟ್ಟಮೊದಲ ಹಾಕಿ ವಿಶ್ವಕಪ್‌ನಲ್ಲಿ ಕಂಚು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಮತ್ತೊಂದು ಕಂಚು. 1973ರಲ್ಲಿ ಹಾಲೆಂಡ್‌ನಲ್ಲಿ ನಡೆದ ಎರಡನೆಯ ವಿಶ್ವಕಪ್‌ಗೆ ಹೊರಟ ಭಾರತ ತಂಡದ ನಾಯಕನೇ ಗಣೇಶ್!

ಆ ಟೂರ್ನಿಯ ಕತೆ ಕೇಳಿದರೆ ಇಂದಿಗೂ ಮೈ ಜುಂ ಎನ್ನುತ್ತದೆ. ಸೆಮಿಫೈನಲ್‌ನಲ್ಲಿ ಎದುರಾಳಿ ಪಾಕಿಸ್ತಾನ. ಎರಡು ವರ್ಷದ ಹಿಂದೆ ಬಾರ್ಸಿಲೋನಾದಲ್ಲಿ, ಒಂದು ವರ್ಷದ ಹಿಂದೆ ಮ್ಯೂನಿಕ್‌ನಲ್ಲಿ, ಎರಡೂ ಸಲ ಸೆಮಿಫೈನಲ್‌ನಲ್ಲೇ ಭಾರತವನ್ನು ತಡೆದು ನಿಲ್ಲಿಸಿದ ತಂಡ ಅದು. ಈ ಸಲ ಗೆದ್ದದ್ದು ಭಾರತ, 1–0. ಫೈನಲ್‌ನಲ್ಲಿ ಆತಿಥೇಯ ಹಾಲೆಂಡ್, ಸುತ್ತ ಅವರದೇ ಜನ. ಸುರ್ಜಿತ್ ಸಿಂಗ್ ಆರಂಭದಲ್ಲೇ ಎರಡು ಗೋಲು ಹೊಡೆದುಬಿಟ್ಟರು. ಇನ್ನು ಕಪ್ಪು ನಮ್ಮದೇ ಅನ್ನುವಷ್ಟರಲ್ಲಿ ಡಚ್ಚರು ಎರಡನ್ನೂ ತೀರಿಸಿದರು. ಹೆಚ್ಚುವರಿ ಅವಧಿ ಬಂತು, ಮೊದಲು ಗೋಲು ಹೊಡೆದವರೇ ವಿಶ್ವ ಚಾಂಪಿಯನ್ನರು ಎಂಬ ಹಂತ ಬಂತು. ಆ ಹೊತ್ತಿನಲ್ಲೇ ಭಾರತಕ್ಕೆ ಪೆನಾಲ್ಟಿ ಸ್ಟ್ರೋಕ್! ಹೊಡೆಯಲು ನಿಂತವರು ಕೊಡಗಿನವರೇ ಆದ ಬಿ.ಪಿ. ಗೋವಿಂದ. ಗೋಲಾಗಲಿಲ್ಲ. ಕೊನೆಗೆ ಸ್ಟ್ರೋಕುಗಳ ಸರದಿಯಲ್ಲಿ 4–2ರಿಂದ ಕಪ್ಪು ಹಾಲೆಂಡಿನ ಪಾಲಾಯಿತು. ಒಂದೇ ಒಂದು ಹೊಡೆತದ ಅಂತರದಲ್ಲಿ ವಿಶ್ವಕಪ್ ತಪ್ಪಿಸಿಕೊಂಡ ಆ ನಾಯಕ, ಆ ಹೊಡೆತ ಹೊಡೆದ ಆಟಗಾರ, ಇಬ್ಬರೂ ಒಂದೇ ಪುಟ್ಟ ಜಿಲ್ಲೆಯವರು! 1975ರಲ್ಲಿ ಕ್ವಾಲಾಲಂಪುರದಲ್ಲಿ ಭಾರತ ವಿಶ್ವಕಪ್ ಗೆದ್ದಾಗ ಗೋವಿಂದ ಆ ತಂಡದಲ್ಲಿದ್ದರು, ಗಣೇಶ್ ಇರಲಿಲ್ಲ. ಇದನ್ನು ಓದಿದಾಗ ನನಗಾದ ಸಂಕಟ ಸಣ್ಣದಲ್ಲ.

ಅಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಭಾರತ ತಂಡದ ಕೋಚ್ ಯಾರು? ಗಣೇಶ್! ನಾಯಕ ಯಾರು? ಎಂ.ಎಂ. ಸೋಮಯ್ಯ, ಅವರೂ ಕೊಡಗಿನವರೇ. ಇಡೀ ದೇಶದ ಒಲಿಂಪಿಕ್ ಹಾಕಿ ತಂಡದ ಕೋಚ್ ಮತ್ತು ಕ್ಯಾಪ್ಟನ್ ಇಬ್ಬರೂ ನಮ್ಮ ರಾಜ್ಯದ ಒಂದೇ ಜಿಲ್ಲೆಯವರು. ಇದು ನಮ್ಮ ಶಾಲೆಗಳ ಪಾಠದಲ್ಲಿ ಇರಬೇಕಾದ ಸಂಗತಿಯಲ್ಲವೇ?

ಕೋಚ್ ಗಣೇಶ್ ಎದುರಿಸಿದ ಸವಾಲೂ ಸಾಮಾನ್ಯದ್ದಲ್ಲ. ಅವರು ಪದಕ ಗೆದ್ದದ್ದೆಲ್ಲ ಹುಲ್ಲಿನ ಮೈದಾನದಲ್ಲಿ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಹಾಕಿ ಕೃತಕ ಹಾಸಿನ ಮೇಲೆ ಹೋಯಿತು. ಚೆಂಡಿನ ವೇಗ ಹೆಚ್ಚಿತು, ಓಟ ಹೆಚ್ಚಿತು, ನಮ್ಮವರ ಮಣಿಕಟ್ಟಿನ ಕುಸುರಿಗಿಂತ ಯುರೋಪಿನವರ ಕಸುವಿಗೆ ಬೆಲೆ ಬಂತು. ಫುಟ್‌ಬಾಲ್ ಬಿಟ್ಟು ಹಾಕಿ ಕಲಿತವರು ಈಗ ಇನ್ನೊಮ್ಮೆ ಹೊಸ ಹಾಕಿಯನ್ನು ಅರ್ಥ ಮಾಡಿಕೊಂಡು ಹುಡುಗರಿಗೆ ಹೇಳಿಕೊಡಬೇಕಿತ್ತು. ಸೋಲ್‌ನಲ್ಲಿ ಭಾರತಕ್ಕೆ ಸಿಕ್ಕಿದ್ದು ಆರನೆಯ ಸ್ಥಾನ. ಪದಕ ಇಲ್ಲ ಎಂದು ಮೂಗು ಮುರಿಯುವವರು 1986ರ ಲಂಡನ್ ವಿಶ್ವಕಪ್ಪನ್ನೂ ನೋಡಲಿ. ಅಲ್ಲಿ ಆಡಿದ ಹನ್ನೆರಡು ತಂಡಗಳಲ್ಲಿ ಭಾರತ ಕಟ್ಟಕಡೆಯದಾಗಿತ್ತು! ಎರಡು ವರ್ಷದಲ್ಲಿ ಹನ್ನೆರಡರಿಂದ ಆರಕ್ಕೆ ಏರಿದ್ದನ್ನು ನಾನಂತೂ ಸೋಲೆಂದು ಕರೆಯಲಾರೆ.

ಆಟಗಾರನಾಗಿ ಮೆರೆದು ಕೋಚ್ ಆದವರನ್ನು ಬೇರೆ ಕಡೆ ಹೇಗೆ ನೆನೆಯುತ್ತಾರೆ ನೋಡಿ. ಆಸ್ಟ್ರೇಲಿಯಾದವರಿಗೆ ಅವರದೇ ಒಂದು ಫುಟ್‌ಬಾಲ್ ಇದೆ, ಮೊಟ್ಟೆಯಾಕಾರದ ಚೆಂಡಿನದು. ಅದರ ದೊಡ್ಡ ಆಟಗಾರ ರಾನ್ ಬರಾಸಿ ಮುಂದೆ ಕೋಚ್ ಆದರು. 1970ರ ಫೈನಲ್‌ನಲ್ಲಿ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಸೇರಿದ್ದ ಜನ 1,21,696. ಅರ್ಧ ಆಟ ಮುಗಿದಾಗ ಅವರ ಕಾರ್ಲ್‌ಟನ್ ತಂಡ 44 ಅಂಕ ಹಿಂದೆ. ಕೈಯಿಂದ ಚೆಂಡು ದಾಟಿಸಿ ಆಡಿರೋ ಎಂದು ಬರಾಸಿ ಹೇಳಿ ಕಳಿಸಿದರು, ತಂಡ 10 ಅಂಕದಿಂದ ಗೆದ್ದಿತು! ಆ ಮೈದಾನದ ಹೊರಗೆ ಇವತ್ತು ಬರಾಸಿಯವರ ಪ್ರತಿಮೆ ಇದೆ. ಆದರೆ ನಮ್ಮ ಗಣೇಶ್‌ಗೆ ಅರ್ಜುನ ಪ್ರಶಸ್ತಿ ಬಂದದ್ದು 1973ರಲ್ಲಿ. ಪದ್ಮಶ್ರೀ ಬಂದದ್ದು 2020ರಲ್ಲಿ. ನಡುವೆ 47 ವರ್ಷ!

ಮಂಕಿ, ಹೊನ್ನಾವರ, ಭಟ್ಕಳ, ಕುಮಟಾದ ಪಿ.ಟಿ. ಮಾಸ್ತರರಲ್ಲಿ ಒಂದು ವಿನಂತಿ. ಕಬಡ್ಡಿ ಅಂಕಣದಲ್ಲೋ ವಾಲಿಬಾಲ್ ನೆಟ್ಟಿನ ಹತ್ತಿರವೋ ಚುರುಕಾದ ಹುಡುಗ ಹುಡುಗಿ ಕಂಡರೆ, ಇವರ ಆಟ ಇದೊಂದೇ ಎಂದು ಈಗಲೇ ತೀರ್ಮಾನಿಸಬೇಡಿ. ಶಾಲೆಗೆ ನಾಲ್ಕು ಹಾಕಿ ಸ್ಟಿಕ್ ತರಿಸಿ, ಅವರ ಕೈಗೆ ಕೊಟ್ಟು ನೋಡಿ. ಕೊಡುವಾಗ ಎಂ.ಪಿ. ಗಣೇಶ್ ಅವರ ಹೆಸರು ಹೇಳುವುದನ್ನು ಮಾತ್ರ ಮರೆಯಬೇಡಿ.