ಮೀನುಹೊಂಡದ ನೀರಿನಲ್ಲಿ ಕ್ಯಾಲ್ಸಿಯಂ ನಿರ್ವಹಣೆ: ಸುಣ್ಣವೇ, ಜಿಪ್ಸಂ ಆಗಬೇಕೇ?

ಮಲೆನಾಡು ಮತ್ತು ಕರಾವಳಿಯ ಜಂಬಿಟ್ಟಿಗೆ ಮಣ್ಣಿನಲ್ಲಿ ತೋಡಿದ ಹೊಂಡಗಳಲ್ಲಿ ಕಾಟ್ಲಾ, ರೋಹು ಮೀನುಗಳು ಮೇವು ಕೊಟ್ಟರೂ ನಿರೀಕ್ಷಿತ ತೂಕಕ್ಕೆ ಬರುವುದಿಲ್ಲವೆಂಬ ದೂರು ಸಾಮಾನ್ಯ. ಇದಕ್ಕೆ ಕಾರಣಗಳು ಹಲವು. ಆದರೆ ಮೇವನ್ನು ಬದಲಿಸುವ ಮುನ್ನ ನೀರನ್ನು ಪರೀಕ್ಷಿಸುವುದು ಸೂಕ್ತ. ಭಾರಿ ಮಳೆಗೆ ಸುಣ್ಣದಂಶ ತೊಳೆದುಹೋದ ಹುಳಿಮಣ್ಣಿನ ಮೇಲೆ ನಿಂತ ನೀರಿನಲ್ಲಿ ಕ್ಯಾಲ್ಸಿಯಂ ಅತ್ಯಲ್ಪವಾಗಿರುತ್ತದೆ. ಮೀನು ಮೂಳೆಯ ಬೆಳವಣಿಗೆಗೆ ಬೇಕಾದ ಕ್ಯಾಲ್ಸಿಯಂನ್ನು ಮೇವಿನಿಂದಷ್ಟೇ ಅಲ್ಲ, ಕಿವಿರುಗಳ ಮೂಲಕ ನೀರಿನಿಂದಲೂ ಪಡೆಯುತ್ತದೆ. ಸಿಹಿನೀರಿನ ಸೀಗಡಿಗೆ ಪೊರೆ ಕಳಚಿದ ಬಳಿಕ ಹೊಸ ಚಿಪ್ಪು ಗಟ್ಟಿಯಾಗಲು ಇದು ಇನ್ನಷ್ಟು ಅಗತ್ಯ.

ನೀರಿನ ವರದಿಯಲ್ಲಿ ಗಡಸುತನ ಮತ್ತು ಕ್ಷಾರತೆ ಎಂಬ ಎರಡು ಅಂಕಿಗಳಿರುತ್ತವೆ. ಎರಡನ್ನೂ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿಯೇ ನೀಡುವುದರಿಂದ ಅನೇಕರು ಇವು ಒಂದೇ ಎಂದು ಭಾವಿಸುತ್ತಾರೆ. ಗಡಸುತನವು ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಪ್ರಮಾಣ. ಕ್ಷಾರತೆಯು ಹುಳಿಯನ್ನು ತಡೆದುಕೊಳ್ಳುವ ನೀರಿನ ಶಕ್ತಿ. ಎರಡೂ ಲೀಟರಿಗೆ 20 ಮಿಲಿಗ್ರಾಂಗಿಂತ ಕಡಿಮೆಯಿರಬಾರದು. 50ರಿಂದ 150 ಉತ್ತಮ. ಕ್ಷಾರತೆ ಕಡಿಮೆಯಿರುವ ಹಸಿರು ನೀರಿನಲ್ಲಿ ರಸಸಾರವು ಮುಂಜಾನೆಗೂ ಸಂಜೆಗೂ ಬಹಳ ಏರುಪೇರಾಗುತ್ತದೆ. ಆದ್ದರಿಂದ ದಿನಕ್ಕೆ ಒಂದೇ ಬಾರಿ ಅಳೆದರೆ ಸಾಲದು.

ಎರಡೂ ಕಡಿಮೆಯಿದ್ದರೆ ಕೃಷಿ ಸುಣ್ಣ, ಅಂದರೆ ಸುಡದ ಸುಣ್ಣಕಲ್ಲಿನ ನುಣುಪಾದ ಪುಡಿ, ಸರಿಯಾದ ವಸ್ತು. ಇದು ನಿಧಾನವಾಗಿ ಕರಗಿ ಎರಡನ್ನೂ ಹೆಚ್ಚಿಸುತ್ತದೆ. ರಸಸಾರವನ್ನು ಸುಮಾರು 8.3ಕ್ಕಿಂತ ಮೇಲೇರಿಸುವುದಿಲ್ಲ. ಪ್ರಮಾಣವನ್ನು ತಳದ ಮಣ್ಣಿನ ಪರೀಕ್ಷೆಯೇ ನಿರ್ಧರಿಸಬೇಕು, ಏಕೆಂದರೆ ಹಾಕಿದ ಸುಣ್ಣದ ಬಹುಪಾಲನ್ನು ಹುಳಿ ಕೆಸರೇ ಮೊದಲು ಹೀರಿಕೊಳ್ಳುತ್ತದೆ. ಮಣ್ಣಿನ ರಸಸಾರ 5ರಿಂದ 5.4ರಷ್ಟಿದ್ದರೆ ಎಕರೆಗೆ ಸುಮಾರು ಒಂದು ಟನ್ ಬೇಕಾಗುವುದುಂಟು.

ಇಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ಕರಾವಳಿಯಲ್ಲಿ ಸುಲಭವಾಗಿ ದೊರೆಯುವ ಚಿಪ್ಪುಸುಣ್ಣವು ಸುಟ್ಟ ಸುಣ್ಣ. ಅದನ್ನು ನೀರು ಬತ್ತಿಸಿದ ಹೊಂಡದ ತಳಕ್ಕೆ ಹರಡಿ ರೋಗಾಣುಗಳನ್ನು ನಾಶಪಡಿಸಬಹುದು. ಮೀನುಗಳಿರುವ ಮೆದು ನೀರಿಗೆ ಅದನ್ನೇ ಸುರಿದರೆ ರಸಸಾರ ತಟ್ಟನೆ 10ನ್ನು ದಾಟಬಹುದು. ನೀರಿನಲ್ಲಿರುವ ಅಮೋನಿಯಾ ವಿಷಕಾರಿ ರೂಪಕ್ಕೆ ತಿರುಗಿ ಒಂದೇ ದಿನದಲ್ಲಿ ಇಡೀ ಬೆಳೆ ನಷ್ಟವಾದೀತು. ಅಂಗಡಿಯಲ್ಲಿ ಬರೀ "ಸುಣ್ಣ" ಎಂದು ಕೇಳಬೇಡಿ. ಸುಟ್ಟದ್ದೋ ಸುಡದ್ದೋ ಎಂದು ವಿಚಾರಿಸಿ.

ಒಳನಾಡಿನ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಕ್ಷಾರತೆ ಸಾಕಷ್ಟಿದ್ದು, ಸೋಡಾ ಅಂಶದಿಂದಾಗಿ ಗಡಸುತನ ಮಾತ್ರ ಕಡಿಮೆಯಿರುತ್ತದೆ. ಇಂತಹ ನೀರಿನಲ್ಲಿ ಕೃಷಿ ಸುಣ್ಣ ಕರಗುವುದೇ ಕಡಿಮೆ, ಜಿಪ್ಸಂ ಬೇಕು. ಪ್ರತಿ ಘನ ಮೀಟರ್ ನೀರಿಗೆ 1.72 ಗ್ರಾಂ ಶುದ್ಧ ಜಿಪ್ಸಂ ಹಾಕಿದರೆ ಗಡಸುತನ ಲೀಟರಿಗೆ ಒಂದು ಮಿಲಿಗ್ರಾಂ ಏರುತ್ತದೆ. ಹತ್ತು ಗುಂಟೆಯ, ಒಂದೂವರೆ ಮೀಟರ್ ಆಳದ ಹೊಂಡದಲ್ಲಿ ಸುಮಾರು 1500 ಘನ ಮೀಟರ್ ನೀರಿರುತ್ತದೆ. ಗಡಸುತನವನ್ನು 20 ಮಿಲಿಗ್ರಾಂ ಏರಿಸಲು 52 ಕಿಲೋಗ್ರಾಂ ಬೇಕು. ಮಾರುಕಟ್ಟೆಯ ಜಿಪ್ಸಂ ಪೂರ್ಣ ಶುದ್ಧವಲ್ಲದ್ದರಿಂದ ತುಸು ಹೆಚ್ಚು ಹಾಕಬಹುದು. ಮಣ್ಣಿನ ಕಣಗಳಿಂದ ಕದಡಿದ ನೀರೂ ಇದರಿಂದ ತಿಳಿಯಾಗುತ್ತದೆ.

ಸುಣ್ಣ ಹಾಕಿದ ಎರಡು ವಾರ ಸೂಪರ್ ಫಾಸ್ಫೇಟ್ ಗೊಬ್ಬರ ಕೊಡಬೇಡಿ. ರಂಜಕವು ಸುಣ್ಣದೊಡನೆ ಸೇರಿ ತಳಕ್ಕಿಳಿಯುತ್ತದೆ. ಒಂದು ತಿಂಗಳ ನಂತರ ಎರಡೂ ಅಂಕಿಗಳನ್ನು ಮತ್ತೆ ಅಳೆಯಿರಿ. ಮುಂಗಾರಿನಲ್ಲಿ ಹೊಂಡ ತುಂಬಿ ಕೋಡಿ ಹರಿದಿದ್ದರೆ ಮಳೆ ನಿಂತೊಡನೆ ಇನ್ನೊಮ್ಮೆ.